ಫ್ಲಾರೆನ್ಸಿನ ನೆಲಮಾಳಿಗೆಯ ರೇಖಾಚಿತ್ರಗಳು: ಕರ್ತೃತ್ವ ಮತ್ತು ಸಂರಕ್ಷಣೆ

ಇಟಲಿಯ ಫ್ಲಾರೆನ್ಸಿನಲ್ಲಿ ಸ್ಯಾನ್ ಲೊರೆಂಜೊ ಚರ್ಚಿಗೆ ಸೇರಿದ ಮೆಡಿಚಿ ಸಮಾಧಿ ಮಂದಿರದ ಅಡಿಯಲ್ಲಿ ಸುಮಾರು 10 ಮೀಟರ್ ಉದ್ದ, 3 ಮೀಟರ್ ಅಗಲದ ಇಕ್ಕಟ್ಟಾದ ನೆಲಮಾಳಿಗೆಯೊಂದಿದೆ. 1955ರವರೆಗೆ ಅದು ಕಲ್ಲಿದ್ದಲಿನ ಉಗ್ರಾಣವಾಗಿತ್ತು. ಅದರ ಗೋಡೆಗಳ ಮೇಲೆ ಪುನರುಜ್ಜೀವನ ಕಾಲದ ರೇಖಾಚಿತ್ರಗಳು ಪತ್ತೆಯಾದದ್ದು 1975ರಲ್ಲಿ. ಅವು ಯಾರ ಕೈಯವು ಎಂಬ ಚರ್ಚೆ ಅಂದಿನಿಂದ ಇಂದಿನವರೆಗೂ ನಡೆದಿದೆ. ಚರ್ಚೆ ತೀರ್ಮಾನವಾಗದಿರುವುದೇ ಈ ಗೋಡೆಗಳನ್ನು ಕಟ್ಟೆಚ್ಚರದಿಂದ ಕಾಯಬೇಕಾದುದಕ್ಕೆ ಮುಖ್ಯ ಕಾರಣ ಎಂಬುದು ಈ ಲೇಖನದ ವಾದ.

ಈ ಮಂದಿರದ ಮ್ಯೂಸಿಯಂನ ಆಗಿನ ನಿರ್ದೇಶಕ ಪಾವೊಲೊ ದಾಲ್ ಪೊಜ್ಜೆತ್ತೊ, ಸಂದರ್ಶಕರು ಹೊರಹೋಗಲು ಹೊಸ ದಾರಿಯೊಂದನ್ನು ಹುಡುಕುತ್ತಿದ್ದರು. ಬೀರುವೊಂದರ ಕೆಳಗಿದ್ದ ನೆಲಬಾಗಿಲನ್ನು ತೆರೆದಾಗ ಕೆಳಗಿಳಿಯುವ ಮೆಟ್ಟಿಲುಗಳು ಕಂಡವು. ಸಂರಕ್ಷಣಾ ತಜ್ಞ ಸಬಿನೊ ಜೊವನ್ನೋನಿ ಗೋಡೆಯ ಗಾರೆಯನ್ನು ಎಚ್ಚರಿಕೆಯಿಂದ ಬಿಡಿಸುತ್ತ ಹೋದಂತೆ ಇದ್ದಿಲಿನಲ್ಲೂ ಕೆಂಪು ಸೀಮೆಸುಣ್ಣದಲ್ಲೂ ಬರೆದ ಗೆರೆಗಳು ಹೊರಬಂದವು.

ದಾಲ್ ಪೊಜ್ಜೆತ್ತೊ ಇವು ಮೈಕೆಲೆಂಜೆಲೊನವೆಂದು ವಾದಿಸಿದರು. ಅದಕ್ಕೆ ಐತಿಹಾಸಿಕ ಹಿನ್ನೆಲೆಯಿದೆ. 1527ರಲ್ಲಿ ಫ್ಲಾರೆನ್ಸಿನ ಜನ ಮೆಡಿಚಿ ಮನೆತನವನ್ನು ಹೊರಹಾಕಿ ಗಣರಾಜ್ಯ ಸ್ಥಾಪಿಸಿದರು. ಅದೇ ಮನೆತನದ ಸಮಾಧಿಗಳ ಕೆಲಸ ಹಿಡಿದಿದ್ದ ಮೈಕೆಲೆಂಜೆಲೊ 1529ರಲ್ಲಿ ಗಣರಾಜ್ಯದ ಕೋಟೆಕೊತ್ತಲಗಳ ಹೊಣೆ ಹೊತ್ತ. 1530ರ ಆಗಸ್ಟಿನಲ್ಲಿ ನಗರ ಮೆಡಿಚಿ ಪರ ಪಡೆಗಳಿಗೆ ಶರಣಾಯಿತು, ಅವನು ತಲೆಮರೆಸಿಕೊಂಡ. ಮೆಡಿಚಿ ವಂಶದವನೇ ಆದ ಪೋಪ್ ಏಳನೆಯ ಕ್ಲೆಮೆಂಟ್ ಕ್ಷಮಿಸಿದ ಮೇಲೆ ಕೆಲಸಕ್ಕೆ ಮರಳಿದ. ಅವನು ಅಡಗಿದ್ದುದು ಈ ಕೋಣೆಯಲ್ಲೇ ಎಂಬುದು ದಾಲ್ ಪೊಜ್ಜೆತ್ತೊ ಅವರ ಊಹೆ.

ಗೋಡೆಯನ್ನೇ ನೋಡಿದರೆ ವಾದದ ಬಲ ಮತ್ತು ಮಿತಿ ಎರಡೂ ತಿಳಿಯುತ್ತವೆ. ಅಲ್ಲಿ ಬರೆದಿರುವ ಕಾಲುಗಳು ಮೇಲಿನ ಮಂದಿರದಲ್ಲಿ ಕುಳಿತಿರುವ ಜುಲಿಯಾನೊ ಡಿ ಮೆಡಿಚಿಯ ಶಿಲ್ಪದ ಕಾಲುಗಳನ್ನು ಹೋಲುತ್ತವೆ. ಇನ್ನೊಂದು ತಲೆ ಪ್ರಾಚೀನ ಲಾವೊಕೂನ್ ಶಿಲ್ಪವನ್ನು ನೆನಪಿಸುತ್ತದೆ. ಒಂದು ಆಕೃತಿಯ ಮೇಲೆ ಮತ್ತೊಂದು ಹಾದುಹೋಗುತ್ತದೆ. ಕೆಲವು ಗೆರೆಗಳು ದೃಢ, ಕೆಲವು ಅಷ್ಟಿಲ್ಲ. ಹೀಗಾಗಿ ಇಲ್ಲಿ ಸಹಾಯಕರ ಕೈಯೂ ಇದೆಯೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಶಿಲ್ಪವನ್ನು ಹೋಲುವ ಚಿತ್ರ ಅದಕ್ಕೆ ಮಾಡಿಕೊಂಡ ಸಿದ್ಧತೆಯಾಗಿರಬಹುದು, ಶಿಲ್ಪವನ್ನು ನೋಡಿ ಶಿಷ್ಯನೊಬ್ಬ ಬರೆದದ್ದೂ ಆಗಿರಬಹುದು. ಹೋಲಿಕೆಯೊಂದರಿಂದಲೇ ಕರ್ತೃತ್ವ ಸಿದ್ಧವಾಗದು.

ಸಂರಕ್ಷಣೆಯ ಪ್ರಶ್ನೆ ಬರುವುದು ಇಲ್ಲೇ. ಗೋಡೆಗೆ ಬಳಿದ ಗಾರೆ ಚಿತ್ರಗಳನ್ನು ಮರೆಮಾಡಿದ್ದಷ್ಟೇ ಅಲ್ಲ, ಕಾಪಾಡಿತ್ತು ಕೂಡ. ಈಗ ಆ ರಕ್ಷಣೆ ಇಲ್ಲ. ಹಸಿ ಗಾರೆಯ ಮೇಲೆ ಬರೆದ ಭಿತ್ತಿಚಿತ್ರದ ಬಣ್ಣ ಗೋಡೆಯೊಂದಿಗೇ ಗಟ್ಟಿಯಾಗುತ್ತದೆ. ಇದ್ದಿಲಿನ ಗೆರೆ ಹಾಗಲ್ಲ, ಮೇಲ್ಮೈಗಷ್ಟೇ ಅಂಟಿಕೊಂಡಿರುತ್ತದೆ. ಜನರ ಉಸಿರಿನ ತೇವ ಸಣ್ಣ ಕೋಣೆಯಲ್ಲಿ ಬೇಗ ಹೆಚ್ಚುತ್ತದೆ. ತೇವ ಏರಿಳಿದಾಗ ಗೋಡೆಯೊಳಗಿನ ಲವಣಗಳು ಹರಳುಗಟ್ಟಿ ಗಾರೆಯನ್ನು ಸಡಿಲಿಸಬಲ್ಲವು. ದಶಕಗಳ ಕಾಲ ಸಾರ್ವಜನಿಕರಿಗೆ ಮುಚ್ಚಿದ್ದ ಕೋಣೆ 2023ರ ನವೆಂಬರ್ 15ರಂದು ತೆರೆದಾಗ ಕಟ್ಟುನಿಟ್ಟಿನ ನಿಯಮಗಳಿದ್ದವು: ಒಮ್ಮೆಗೆ 4 ಜನ, 15 ನಿಮಿಷ, ವಾರಕ್ಕೆ ಹೆಚ್ಚೆಂದರೆ 100 ಮಂದಿ, ಪ್ರತಿ ಭೇಟಿಯ ನಂತರ 45 ನಿಮಿಷ ದೀಪ ಆರಿಸಿ ಕತ್ತಲು.

ಈ ನಿರ್ಬಂಧಗಳನ್ನು ಮೈಕೆಲೆಂಜೆಲೊನ ಹೆಸರೊಂದರಿಂದ ಸಮರ್ಥಿಸಬೇಕಾಗಿಲ್ಲ. ಗೆರೆಯ ಒತ್ತಡ, ಒಂದರ ಮೇಲೊಂದು ಬಿದ್ದ ಕ್ರಮ, ತಿದ್ದಿದ ಗುರುತು: ಒಂದು ಕೈಯನ್ನು ಇನ್ನೊಂದರಿಂದ ಬೇರ್ಪಡಿಸಲು ಇರುವ ಆಧಾರಗಳು ಇವು. ದುರ್ಬಲವೆಂದು ಕಾಣುವ ಗೆರೆಯೂ ಗುರು ಮತ್ತು ಸಹಾಯಕರ ನಡುವಿನ ಕೆಲಸದ ನಂಟನ್ನು ಹೇಳಬಲ್ಲ ದಾಖಲೆ. ಆದ್ದರಿಂದ ಶ್ರೇಷ್ಠವೆನಿಸಿದ ನಾಲ್ಕಾರು ಚಿತ್ರಗಳಿಗಲ್ಲ, ಇಡೀ ಗೋಡೆಗೆ ಒಂದೇ ಮಟ್ಟದ ರಕ್ಷಣೆ ಸಲ್ಲಬೇಕು.