ಕ್ಷಮೆ ಮತ್ತು ಹೊಣೆ: ಹಳೆಯ ಅಪರಾಧವೂ ಮಕ್ಕಳ ನಡುವಿನ ಸೇವೆಯೂ

ಗುರುಮಠದಲ್ಲಿ ಪಾಪನಿವೇದನೆಯ ಸಂಸ್ಕಾರವನ್ನು ಬೋಧಿಸುವಾಗ ವಿದ್ಯಾರ್ಥಿಗಳಿಂದ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ದೇವರೇ ಕ್ಷಮಿಸಿದ ಅಪರಾಧಿಯನ್ನು ಮಕ್ಕಳ ಸೇವೆಯಿಂದ ದೂರವಿಡಲು ನಾವು ಯಾರು? ಇದಕ್ಕೆ ಧರ್ಮಸಭೆಯ ಚರಿತ್ರೆಯಲ್ಲಿ ಪ್ರಾಚೀನವಾದ ಉತ್ತರವಿದೆ. ಅದನ್ನು ಮರೆತುದರ ಬೆಲೆಯನ್ನು ಮಕ್ಕಳು ತೆತ್ತಿದ್ದಾರೆ.

ನಾಲ್ಕನೆಯ ಶತಮಾನದ ಆರಂಭದಲ್ಲಿ ಸ್ಪೇನಿನ ಎಲ್ವಿರಾದಲ್ಲಿ ಕೂಡಿದ ಸಭೆಯು, ಬಾಲಕರನ್ನು ಕೆಡಿಸಿದವರಿಗೆ ಮರಣಕಾಲದಲ್ಲಿಯೂ ಪರಮಪ್ರಸಾದವಿಲ್ಲವೆಂದು ತನ್ನ 71ನೆಯ ನಿಯಮದಲ್ಲಿ ವಿಧಿಸಿತು. 325ರ ನಿಸೇಯ ಮಹಾಸಭೆಯಾದರೋ, ಸಾಯುತ್ತಿರುವವನಿಗೆ ಅಂತಿಮ ಪರಮಪ್ರಸಾದವನ್ನು ನಿರಾಕರಿಸಬಾರದೆಂದು 13ನೆಯ ನಿಯಮದಲ್ಲಿ ಸಾರಿತು. 385ರಲ್ಲಿ ಪೋಪ್ ಸಿರಿಸಿಯುಸ್‌ರವರು ತರಗೋನದ ಧರ್ಮಾಧ್ಯಕ್ಷ ಹಿಮೇರಿಯುಸ್‌ರಿಗೆ ಬರೆದ ಪತ್ರದಲ್ಲಿ, ಬಹಿರಂಗ ಪ್ರಾಯಶ್ಚಿತ್ತ ಪೂರೈಸಿ ಧರ್ಮಸಭೆಯೊಡನೆ ಸಂಧಾನಗೊಂಡವನು ಗುರುವರ್ಗಕ್ಕೆ ಸೇರಬಾರದೆಂದರು. ಅವನ ಪಾಪ ತೊಳೆದುಹೋಗಿದೆಯೆಂಬುದನ್ನು ಪತ್ರವು ಅಲ್ಲಗಳೆಯುವುದಿಲ್ಲ.

ಹೀಗೆ ಒಂದೇ ಶತಮಾನದಲ್ಲಿ ಎರಡು ಪ್ರಶ್ನೆಗಳು ಬೇರ್ಪಟ್ಟವು: ಪಾಪಿಗೆ ಕ್ಷಮೆಯುಂಟೆ? ಕ್ಷಮೆ ಪಡೆದವನಿಗೆ ಹೊಣೆಯನ್ನು ಒಪ್ಪಿಸಬಹುದೆ? ಮೊದಲನೆಯದಕ್ಕೆ ಹೌದೆಂದವರು ಎರಡನೆಯದಕ್ಕೂ ಹೌದೆನ್ನಬೇಕಾಗಿರಲಿಲ್ಲ. ಕ್ಷಮೆಯು ಪಶ್ಚಾತ್ತಾಪಪಟ್ಟವನಿಗೆ ದೊರೆಯುವ ಕೃಪೆ. ಹುದ್ದೆಯು ಹಿಂಡಿನ ಹಿತಕ್ಕಾಗಿರುವ ಸೇವೆ, ಅದು ಯಾರ ಹಕ್ಕೂ ಅಲ್ಲ.

20ನೆಯ ಶತಮಾನದಲ್ಲಿ ಹಲವು ಧರ್ಮಪ್ರಾಂತ್ಯಗಳು ಈ ವಿವೇಕವನ್ನು ಕೈಬಿಟ್ಟವು. ಮಕ್ಕಳ ಮೇಲೆ ದೌರ್ಜನ್ಯವೆಸಗಿದ ಗುರುಗಳನ್ನು, ಪಶ್ಚಾತ್ತಾಪವಾಗಿದೆ, ಚಿಕಿತ್ಸೆಯಾಗಿದೆ ಎಂದು ಮತ್ತೊಂದು ಧರ್ಮಕೇಂದ್ರಕ್ಕೆ ಕಳುಹಿಸಲಾಯಿತು. 2002ರಲ್ಲಿ ಬಾಸ್ಟನ್ನಿನಲ್ಲಿ ಇದು ಬಯಲಾಯಿತು. ಅದೇ ಜೂನ್ ತಿಂಗಳಲ್ಲಿ ಡಲ್ಲಾಸಿನಲ್ಲಿ ಸೇರಿದ ಅಮೆರಿಕದ ಧರ್ಮಾಧ್ಯಕ್ಷರು, ಇಂತಹ ಒಂದೇ ಕೃತ್ಯ ಸ್ಥಿರಪಟ್ಟರೂ, ಅದು ಎಷ್ಟೇ ಹಳೆಯದಾಗಿದ್ದರೂ, ಆ ಗುರುವನ್ನು ಸೇವೆಯಿಂದ ಶಾಶ್ವತವಾಗಿ ದೂರವಿಡಲು ನಿಶ್ಚಯಿಸಿದರು.

ಆದರೆ ಕಟ್ಟುನಿಟ್ಟಿಗೂ ವಿವೇಚನೆ ಬೇಕು. ಸಿರಿಸಿಯುಸ್‌ರ ನಿಯಮವು ಪ್ರಾಯಶ್ಚಿತ್ತಕ್ಕೆ ಕಾರಣವಾದ ಪಾಪ ಯಾವುದೆಂದು ಕೇಳಲಿಲ್ಲ. ನಾಗರಿಕ ಕಾನೂನೂ ಈ ತೊಡಕನ್ನು ಕಂಡಿದೆ. ಇಂಗ್ಲೆಂಡಿನಲ್ಲಿ 1974ರ ಕಾಯಿದೆಯು, ನಿಗದಿತ ಕಾಲ ಮತ್ತೆ ತಪ್ಪಿಲ್ಲದೆ ಬಾಳಿದವನ ಹಳೆಯ ಸಣ್ಣ ಶಿಕ್ಷೆಗಳನ್ನು ಎಣಿಕೆಯಿಂದ ತೆಗೆಯಿತು; 1975ರ ಆದೇಶವು ಮಕ್ಕಳ ನಡುವಿನ ಕೆಲಸಗಳಿಗೆ ಈ ರಿಯಾಯಿತಿ ಇಲ್ಲವೆಂದಿತು. 2002ರಲ್ಲಿ, ಕದ್ದ ಎರಡು ಸೈಕಲ್ಲುಗಳ ವಿಷಯವಾಗಿ ಪೊಲೀಸರು 11 ವರ್ಷದ ಹುಡುಗನೊಬ್ಬನಿಗೆ ಎಚ್ಚರಿಕೆ ನೀಡಿದ್ದರು. ಅವನು 17ರಲ್ಲಿ ಫುಟ್‌ಬಾಲ್ ಕ್ಲಬ್ಬಿನ ಕೆಲಸಕ್ಕೂ 19ರಲ್ಲಿ ಕ್ರೀಡಾ ವ್ಯಾಸಂಗಕ್ಕೂ ಅರ್ಜಿ ಹಾಕಿದಾಗ, ಮಕ್ಕಳ ಒಡನಾಟವಿದೆಯೆಂಬ ಕಾರಣದಿಂದ, ಆ ಎಚ್ಚರಿಕೆಗಳು ಪ್ರಮಾಣಪತ್ರದಲ್ಲಿ ಮೂಡಿಬಂದವು. ಹೀಗೆ ವಿವೇಚಿಸದೆ ಎಲ್ಲವನ್ನೂ ಹೊರಗೆಡಹುವ ವ್ಯವಸ್ಥೆಯು ಖಾಸಗಿ ಜೀವನದ ಹಕ್ಕಿಗೆ ವಿರುದ್ಧವೆಂದು 2014ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯ 24ನೆಯ ಕಲಮು ಸಹ, ಬಾಲ್ಯದ ಅಪರಾಧವು ಮುಂದೆ ಅನರ್ಹತೆಯಾಗಬಾರದೆನ್ನುತ್ತದೆ. 16 ತುಂಬಿದ ಮೇಲೆ ಘೋರ ಅಪರಾಧವೆಸಗಿ, ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರೆನಿಸಿದವರಿಗೆ ಮಾತ್ರ ಈ ರಕ್ಷಣೆಯಿಲ್ಲ.

ನಾಳೆ ಧರ್ಮಕೇಂದ್ರದ ಹೊಣೆ ಹೊರುವ ನಮ್ಮ ವಿದ್ಯಾರ್ಥಿಗಳು ಧರ್ಮೋಪದೇಶಕರನ್ನೂ ವಿದ್ಯಾರ್ಥಿನಿಲಯದ ಮೇಲ್ವಿಚಾರಕರನ್ನೂ ಆರಿಸಬೇಕಾಗುತ್ತದೆ. ಪಾಪನಿವೇದನೆಯಲ್ಲಿ ಕೇಳಿದ್ದು ಅಲ್ಲಿಯೇ ಉಳಿಯಬೇಕು; ಆದ್ದರಿಂದ ಹೊರಗಿನ ವಿಚಾರಣೆಯನ್ನು, ಪೊಲೀಸ್ ಪರಿಶೀಲನೆಯನ್ನು, ಹಿಂದೆ ದುಡಿದ ಸ್ಥಳದ ಮಾತನ್ನು ಅಲಕ್ಷಿಸಲಾಗದು. ಕೃತ್ಯ ಯಾವುದು, ಯಾವ ವಯಸ್ಸಿನದು, ಅದರಿಂದ ಮಗುವಿಗೆ ಅಪಾಯವುಂಟೆ ಎಂದು ಕೇಳಬೇಕು. ಸೈಕಲ್ಲಿನ ಪ್ರಕರಣದ ಬಾಲಕನನ್ನು ಹೊರಗಿಡುವುದು ಅನ್ಯಾಯ. ಮಕ್ಕಳಿಗೆ ಕೇಡುಮಾಡಿದವನಿಗೆ ಕ್ಷಮೆಯುಂಟು, ಪರಮಪ್ರಸಾದವುಂಟು. ಮಕ್ಕಳ ಹೊಣೆ ಮಾತ್ರ ಇಲ್ಲ. ಅವನ ಆತ್ಮರಕ್ಷಣೆಗೆ ಆ ಹುದ್ದೆಯ ಅಗತ್ಯವೂ ಇಲ್ಲ.