ಸೋವಿಯತ್ ಒಕ್ಕೂಟ ಬಿದ್ದಾಗ ನಮ್ಮ ಕೊಡಗಿನ ಕಾಫಿಗೆ ಏನಾತು? ☕ (ಭಾಗ 6)

ನಾಳೆ ಇಂಟರ್ನಲ್ಸ್. 'ಶಾಕ್ ಥೆರಪಿ ಮತ್ತು ಹಂತಹಂತದ ಸುಧಾರಣೆ', 5 ಮಾರ್ಕ್ಸ್. ನೋಟ್ಸ್‌ನ್ಯಾಗ ಬರೇ ಪೋಲೆಂಡ್, ರಷ್ಯಾ, ಚೀನಾ. ಆದ್ರ ಇಂಥದ್ದೊಂದು ಕಥಿ ನಮ್ಮ ಕರ್ನಾಟಕದಾಗೂ ನಡದೈತಿ ದೋಸ್ತ್ರ.

ಥಿಯರಿ ಲಗೂನ ಮುಗಸೂಣು. ಪೋಲೆಂಡ್ 1990ರ ಜನವರಿ 1ಕ್ಕೆ, ರಷ್ಯಾ 1992ರ ಜನವರಿ 2ಕ್ಕೆ ಬಹುತೇಕ ಬೆಲೆಗಳನ್ನು ಒಮ್ಮೆಲೇ ಮಾರುಕಟ್ಟೆಗೆ ಬಿಟ್ಟವು. ರಷ್ಯಾದಲ್ಲಿ ಆ ಒಂದೇ ವರ್ಷ ಬೆಲೆ 20 ಪಟ್ಟು ಮೀರಿ ಏರಿದವು, ಮಂದಿ ಕೂಡಿಟ್ಟ ರೊಕ್ಕ ನೀರಾಯಿತು. ಚೀನಾ ಬ್ಯಾರೆ ದಾರಿ ಹಿಡಿದಿತ್ತು: ಕೋಟಾದಷ್ಟು ಸರ್ಕಾರಿ ದರಕ್ಕೆ ಕೊಡು, ಉಳಿದದ್ದು ನಿನಗೆ ಬೇಕಾದಲ್ಲಿ ಮಾರು.

ಈಗ ಕಾಫಿ. 1942ರ ಕಾಫಿ ಕಾಯ್ದೆ ಪ್ರಕಾರ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಮನೆ ಖರ್ಚಿಗೆ, ಬೀಜಕ್ಕೆ ಇಟ್ಟುಕೊಂಡು ಉಳಿದದ್ದೆಲ್ಲ ಕಾಫಿ ಬೋರ್ಡಿನ 'ಪೂಲ್'ಗೆ ಒಪ್ಪಿಸಬೇಕಿತ್ತು. ಮಾರೋದು ಬೋರ್ಡು, ರೊಕ್ಕ ಬರೋದು ಕಂತಿನಲ್ಲಿ, ತಡವಾಗಿ. ತಾನು ಬೆಳೆದದ್ದನ್ನ ತಾನೇ ಮಾರಿದ್ರ ಕಾನೂನುಬಾಹಿರ! ಹೊರದೇಶದಲ್ಲಿ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ, ಅದೂ ರೂಪಾಯಿ ಲೆಕ್ಕದ ವ್ಯಾಪಾರ. 1991ರ ಡಿಸೆಂಬರ್‌ನಲ್ಲಿ ಆ ದೇಶನೇ ಇಲ್ಲದಂಗಾತು. ಇತ್ತ ದಿಲ್ಲಿಯಲ್ಲೂ ಅದೇ ವರ್ಷ ಉದಾರೀಕರಣ ಶುರುವಾಗಿತ್ತು.

1992ರಲ್ಲಿ ಸರ್ಕಾರ ಬೆಳೆಯ 30% ದೇಶದೊಳಗೆ ಸ್ವಂತ ಮಾರಲು ಬಿಟ್ಟಿತು. ಉಳಿದದ್ದು ಪೂಲ್‌ಗೆ. ಆಮೇಲೆ ಆ ಪಾಲು ಏರಿಸುತ್ತಾ ಹೋಗಿ, 1996ರಲ್ಲಿ ಎಲ್ಲರಿಗೂ ಪೂರ್ತಿ ಮುಕ್ತ. ನೋಡ್ರಿ, ಇದು ಥೇಟ್ ಚೀನಾ ಮಾದರಿ.

ಇದು ಯಶಸ್ವಿ ಆತು ಅಂತ ಬರೆದ್ರ ಮಾರ್ಕ್ಸ್ ಸಿಗ್ತಾವ, ಆದ್ರ ನನಗ ಪೂರ್ತಿ ಒಪ್ಪಿಗೆ ಇಲ್ಲ. 1994ರಲ್ಲಿ ಬ್ರೆಜಿಲ್‌ನ ಕಾಫಿ ತೋಟಗಳಿಗೆ ಹಿಮ ಬಿದ್ದು ಜಗತ್ತಿನ ದರ ಗಗನಕ್ಕೇರಿತ್ತು. ನಸೀಬ್ ಛಲೋ ಇತ್ತು, ಅಷ್ಟ. 2000ದ ಸುಮಾರಿಗೆ ದರ ನೆಲ ಕಚ್ಚಿತು. ಒಂದು ದೊಡ್ಡ ಕಾರಣ ವಿಯೆಟ್ನಾಂ: 1986ರಲ್ಲಿ 'ದೋಯ್ ಮೋಯ್' ಸುಧಾರಣೆ ಶುರು ಮಾಡಿದ ಕಮ್ಯುನಿಸ್ಟ್ ದೇಶ, ಮಾರುಕಟ್ಟೆಗೆ ಕಾಫಿ ಸುರಿದಿತ್ತು. ಆಗ ಸಣ್ಣ ಬೆಳೆಗಾರನ ಬೆನ್ನಿಗೆ ಪೂಲ್ ಇರಲಿಲ್ಲ.

ನಮ್ಮ ಜೈನಾಪುರ, ತಿಕೋಟಾ ಕಡೆ ಒಣದ್ರಾಕ್ಷಿಗೆ ಇಂಥ ಪೂಲ್ ಇಲ್ಲ. ನಮ್ಮ ಮಾಲು ಈಗ ಕೋಲ್ಡ್ ಸ್ಟೋರೇಜ್‌ನ್ಯಾಗ ದರ ಕಾಯ್ಕೋತ ಕುಂತೈತಿ, ಬಾಡಿಗಿ ಏರಾಕತ್ತೈತಿ. ಅಪ್ಪಗ ಈ ಕಥಿ ಹೇಳಿದೆ.

"ಬೋರ್ಡು ರೊಕ್ಕ ಯಾವಾಗ ಕೊಡತಿತ್ತು?"
"ಕಂತಿನ್ಯಾಗ, ತಡಾ ಮಾಡಿ."
"ಹಂಗಾರ ಬ್ಯಾಡ."

ಸ್ವಲ್ಪ ಹೊತ್ತು ಸುಮ್ಮ ಕುಂತು, "ಆದ್ರೂ ಕೊಡತಿತ್ತಲ್ಲ" ಅಂದ.