ರೋಗನಿದಾನದಲ್ಲಿ ಮನೆಯ ಪಾಲು: ಐಡಾ ಕ್ಯಾನನ್ ಮತ್ತು ಆಸ್ಪತ್ರೆಯ ಸಮಾಜಕಾರ್ಯ

ವೈದ್ಯಕೀಯ ಸಮಾಜಕಾರ್ಯಕ್ಕೆ ಎರಡು ಮೂಲಗಳಿವೆ. 1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಗೆ ನೇಮಕವಾದ ಮೇರಿ ಸ್ಟುವರ್ಟ್ ಅವರ ಮುಖ್ಯ ಕೆಲಸ, ಉಚಿತ ಚಿಕಿತ್ಸೆಗೆ ಯಾರು ಅರ್ಹರು, ಯಾರಲ್ಲ ಎಂದು ವಿಚಾರಿಸಿ ತಿಳಿಯುವುದು. ಹತ್ತು ವರ್ಷಗಳ ನಂತರ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವೈದ್ಯ ರಿಚರ್ಡ್ ಕ್ಯಾಬಟ್ ಬೇರೊಂದು ತೊಡಕಿಗೆ ಪರಿಹಾರ ಹುಡುಕುತ್ತಿದ್ದರು. ಇಕ್ಕಟ್ಟಾದ ಬಾಡಿಗೆ ಕೋಣೆಗಳಲ್ಲಿದ್ದ ವಲಸೆ ಕಾರ್ಮಿಕರಿಗೆ ವಿಶ್ರಾಂತಿ, ಪುಷ್ಟಿಕರ ಆಹಾರ, ಶುದ್ಧ ಗಾಳಿ ಎಂದು ಬರೆದುಕೊಟ್ಟ ಚೀಟಿ ಯಾವ ಕೆಲಸಕ್ಕೆ ಬಂದೀತು? ಹೊರರೋಗಿ ವಿಭಾಗಕ್ಕೆ ಅವರು ತಂದ ದಾದಿ ಗಾರ್ನೆಟ್ ಪೆಲ್ಟನ್ ಕೆಲವೇ ತಿಂಗಳಲ್ಲಿ ಸ್ವತಃ ಕ್ಷಯಕ್ಕೆ ತುತ್ತಾದರು.

ಚರಿತ್ರೆಕಾರರು ಹೆಚ್ಚಾಗಿ ಕ್ಯಾಬಟ್ ಅವರ ಬಳಿಯೇ ನಿಂತುಬಿಡುತ್ತಾರೆ. ನನ್ನ ಮಟ್ಟಿಗೆ, ಒಬ್ಬ ವೈದ್ಯರ ಸದಾಶಯವನ್ನು ವೃತ್ತಿಯಾಗಿ ಕಟ್ಟಿದವರು ಐಡಾ ಮಾಡ್ ಕ್ಯಾನನ್ (1877–1960). ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಅವರ ಈ ತಂಗಿ ದಾದಿಯಾಗಿ ತರಬೇತಿ ಪಡೆದು, ಮಿನೆಸೋಟದ ಸೇಂಟ್ ಪಾಲ್‌ನಲ್ಲಿ ಬಡವರ ಮನೆಗಳಿಗೆ ಹೋಗಿ ಶುಶ್ರೂಷೆ ಮಾಡಿದ್ದರು. ಸಮಾಜಶಾಸ್ತ್ರವನ್ನೂ ಓದಿಕೊಂಡಿದ್ದರು. ಬಾಸ್ಟನ್ನಿಗೆ ಬಂದು ಸಮಾಜಕಾರ್ಯ ಕಲಿತ ಮೇಲೆ ಇದೇ ಆಸ್ಪತ್ರೆ ಸೇರಿ, 1945ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿಯೇ ದುಡಿದರು.

ರೋಗಿಯ ಕೂಲಿ, ಮನೆ, ಕುಟುಂಬದ ಸಂಗತಿಗಳು ಧರ್ಮಸಂಸ್ಥೆಯ ಕಡತಕ್ಕಲ್ಲ, ವೈದ್ಯರ ಮೇಜಿಗೆ ಸೇರಬೇಕು ಎಂಬುದು ಕ್ಯಾನನ್ ಅವರ ನಿಲುವಿನ ತಿರುಳು. ಆಸ್ಪತ್ರೆಗಳಲ್ಲಿನ ಸಮಾಜಕಾರ್ಯವನ್ನು ಕುರಿತು 1913ರಲ್ಲಿ ಅವರು ಹೊರತಂದ ಪುಸ್ತಕ ಈ ಕ್ಷೇತ್ರದ ಮೊದಲ ಪಠ್ಯಗಳಲ್ಲಿ ಒಂದು. ದಾದಿಯ ಅನುಭವ ಅವರಿಗಿದ್ದುದು ಇಲ್ಲಿ ಸಣ್ಣ ಸಂಗತಿಯಲ್ಲ. ವೈದ್ಯರ ಭಾಷೆ ಬಲ್ಲವರ ಮಾತಿಗೆ ವೈದ್ಯರು ಕಿವಿಗೊಡುವುದು ಸುಲಭ. ಆದರೂ ಸಮಾಜಕಾರ್ಯ ವಿಭಾಗದ ಪೂರ್ತಿ ವೆಚ್ಚವನ್ನು ಆಸ್ಪತ್ರೆ ವಹಿಸಿಕೊಂಡದ್ದು 1919ರಲ್ಲಿ. ಅಲ್ಲಿಯವರೆಗೆ ಅದು ನಡೆದದ್ದು ಬಹುಪಾಲು ಖಾಸಗಿ ಹಣದಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಅಮೆರಿಕದ ಆಸ್ಪತ್ರೆ ಸಮಾಜಕಾರ್ಯಕರ್ತರು ತಮ್ಮದೇ ಸಂಘ ಕಟ್ಟಿಕೊಂಡಿದ್ದರು.

ಭಾರತದಲ್ಲಿ ಇಂಥ ಮೊದಲ ನೇಮಕ 1946ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ನಡೆಯಿತು. ನಮ್ಮಲ್ಲಿ ಮನೋವೈದ್ಯಕೀಯ ಸಮಾಜಕಾರ್ಯವು ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಬಾಸ್ಟನ್ನಿನ ಹಾದಿಗೆ ಹತ್ತಿರವಾಗಿ ಬೆಳೆದಿದೆ. ಆದರೆ ಬಿಪಿಎಲ್ ಕಾರ್ಡು, ಆದಾಯ ಪ್ರಮಾಣಪತ್ರ ನೋಡಿ ರಿಯಾಯಿತಿಗೆ ಸಹಿ ಹಾಕುವುದಷ್ಟೇ ಕೆಲಸವಾಗಿರುವ ಕಡೆಗಳಲ್ಲೆಲ್ಲ ಸಮಾಜಕಾರ್ಯಕರ್ತರು ಇನ್ನೂ 1895ರ ಲಂಡನ್ನಿನ ಮೇಜಿನ ಮುಂದೆಯೇ ಕುಳಿತಿದ್ದಾರೆ.